ಮನೆಯೇ ಶಾಲೆಯಾದರೆ ಟೀಚರ್ ಯಾರು?

ಮೇ ತಿಂಗಳು ಬಂತೆಂದರೆ ನಮ್ಮ ಹೆಣ್ಮಕ್ಕಳ ಮಾತೆಲ್ಲ ಎರಡೇ ವಿಷಯದ ಸುತ್ತ. ಒಂದು ಉಪ್ಪಿನಕಾಯಿ, ಇನ್ನೊಂದು ಸ್ಕೂಲ್ ಫೀಸು! ಫೀಸಿನ ಮಾತು ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳ್ತಾರೆ, "ಇಷ್ಟು ದುಡ್ಡು ಸುರಿಯೋ ಬದಲು ಮನೆಯಲ್ಲೇ ಕೂರಿಸ್ಕೊಂಡು ಓದಿಸಬಹುದು ಕಣ್ರೀ" ಅಂತ. ಮೊದಲೆಲ್ಲ ಇದು ಬರೀ ಸಿಟ್ಟಿನ ಮಾತಾಗಿತ್ತು. ಈಗ ಹಾಗಲ್ಲ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ಬೆಂಗಳೂರಿನಲ್ಲಿ ನಿಜವಾಗಿಯೂ ಇವೆ. ಹೋಮ್ ಸ್ಕೂಲಿಂಗ್ ಅಂತ ಅದಕ್ಕೊಂದು ಹೆಸರೂ ಇದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಅಂಥವರೊಬ್ಬರು ಇರಬಹುದು. ಬೆಳಗ್ಗೆ ಎಂಟಕ್ಕೆ ಎಲ್ಲರ ಮಕ್ಕಳೂ ಬಸ್ಸಿಗೆ ಓಡುವಾಗ ಆ ಮನೆ ಮಗು ಬಾಲ್ಕನಿಯಲ್ಲಿ ನಿಂತು ಟಾಟಾ ಮಾಡುತ್ತಿರುತ್ತದೆ. ನೋಡಿದವರಿಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಗಾಬರಿ.

ಇದು ನಗರದವರ ಶೋಕಿ ಅಂದುಕೊಂಡಿದ್ದರೆ ಹಾಗೇನಿಲ್ಲ. ನನ್ನ ಗಂಡನ ಊರು ಕೈವಾರ. ಚಿಂತಾಮಣಿ ತಾಲ್ಲೂಕು, ತಾತಯ್ಯನವರ ಕೈವಾರವೇ. ನೀವೂ ಒಂದು ಭಾನುವಾರ ಹೋಗಿ ಮಠದಲ್ಲಿ ಊಟ ಮಾಡಿ, ಕೈಲಾಸಗಿರಿ ನೋಡಿ ಬಂದಿರಬಹುದು. ಅಲ್ಲೇ ಇರುವ ನನ್ನ ಓರಗಿತ್ತಿ ಹೋದ ವರ್ಷ ಫೋನಿನಲ್ಲಿ ಕೇಳಿದಳು, "ಅಕ್ಕಾ, ಇವನನ್ನ ಸ್ಕೂಲು ಬಿಡಿಸಿ ನಾನೇ ಓದಿಸ್ಲಾ? ನಾನೂ ಬಿ.ಕಾಂ. ಮಾಡಿದ್ದೀನಲ್ವಾ?"

ಅವಳ ಮಗನಿಗೆ ಏಳು ವರ್ಷ. ಬೆಳಗ್ಗೆ ಏಳೂಕಾಲಿಗೆ ಇಂಗ್ಲಿಷ್ ಮೀಡಿಯಂ ಸ್ಕೂಲಿನ ವ್ಯಾನು ಬರುತ್ತದೆ. ಹತ್ತು ಹಳ್ಳಿಯ ಮಕ್ಕಳನ್ನು ತುಂಬಿಕೊಂಡು ಹೋಗಬೇಕಲ್ಲ, ಹೋಗುವಾಗ ಐವತ್ತು ನಿಮಿಷ, ಬರುವಾಗ ಐವತ್ತು ನಿಮಿಷ. ಮನೆ ಸೇರಿದರೆ ಟ್ಯೂಷನ್. ರಾತ್ರಿ ತಟ್ಟೆ ಮುಂದೆಯೇ ತೂಕಡಿಕೆ. ಇನ್ನು ಭಾಷೆಯ ಕಥೆ ಕೇಳಿ. ಆ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಅಂಗಡಿ ಬೀದಿಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷ್. ಹುಡುಗ 'ವಾಟರ್ ಸೈಕಲ್' ಅಂತ ಒಂದು ಪುಟ ಗಟ್ಟಿಯಾಗಿ ಒಪ್ಪಿಸುತ್ತಾನೆ. "ಹಂಗಂದ್ರೆ ಏನೋ?" ಅಂದರೆ, "ನೀರಿನ ಸೈಕಲ್ಲು" ಅಂತಾನೆ! ನಗಬೇಕೋ ಅಳಬೇಕೋ ಹೇಳಿ.

ಅವಳ ಪ್ರಶ್ನೆಗೆ ಹೂಂ, ಉಹೂಂ ಅನ್ನುವ ಮೊದಲು ನಾನೊಂದು ಲೆಕ್ಕ ಹಾಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಈ ಹುಡುಗ ಅದೇ 200 ದಿನದಲ್ಲಿ ವ್ಯಾನಿನಲ್ಲಿ ಕೂರುವುದು 333 ಗಂಟೆ. ಐದು ಗಂಟೆ ಪಾಠಕ್ಕೆ ಎರಡು ಗಂಟೆ ಕುಲುಕಾಟ! ನೀವೂ ನಿಮ್ಮ ಮಗುವಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದಕ್ಕಿಂತ ಕಡಿಮೆ ಬಂದರೆ ನಿಮ್ಮ ಪುಣ್ಯ.

ಕಾರಂತರ ಮನೆಯಲ್ಲಿ, ನಂಜನಗೂಡಿನ ಮನೆಯಲ್ಲಿ

ಮನೆಯಲ್ಲೇ ಕಲಿಯುವುದು ನಮಗೆ ಹೊಸದೇನೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮ ಮಕ್ಕಳನ್ನು ಎಳವೆಯಲ್ಲಿ ಶಾಲೆಗೆ ಕಳಿಸದೆ ಮನೆಯಲ್ಲೇ ಬೆಳೆಸಿದರು. ಮಕ್ಕಳಿಗಾಗಿ 1930ರ ದಶಕದಲ್ಲೇ 'ಬಾಲ ಪ್ರಪಂಚ'ದಂಥ ವಿಶ್ವಕೋಶವನ್ನೇ ಬರೆದವರು ಅವರು! ಮಗಳು ಮಾಳವಿಕಾ ಕಪೂರ್ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನಸ್ಸಿನ ತಜ್ಞೆಯಾದರು. ಮಗ ಉಲ್ಲಾಸ ಕಾರಂತ ಹುಲಿಗಳ ಅಧ್ಯಯನದಿಂದ ಜಗತ್ತಿಗೇ ಪರಿಚಿತರಾದರು. ಇವರಿಬ್ಬರೂ ಕ್ಷಮಾ ರಾವ್ ಅವರ ಜೊತೆ ಸೇರಿ ಆ ಬಾಲ್ಯದ ಬಗ್ಗೆ 2021ರಲ್ಲಿ 'ಗ್ರೋಯಿಂಗ್ ಅಪ್ ಕಾರಂತ್' ಎಂಬ ಪುಸ್ತಕ ಬರೆದಿದ್ದಾರೆ. ಹೋಮ್ ಸ್ಕೂಲಿಂಗ್ ಬೇಕೆನ್ನುವವರು ಈ ಉದಾಹರಣೆ ಕೊಟ್ಟೇ ಕೊಡ್ತಾರೆ. ಆದರೆ ಉಲ್ಲಾಸರು ಆಮೇಲೆ ಶಾಲೆ ಸೇರಿದರು, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಮುಗಿಸಿದರು ಅನ್ನುವುದನ್ನು ಮಾತ್ರ ಬಿಟ್ಟುಬಿಡ್ತಾರೆ. ಮನೆಯ ಕಲಿಕೆ ಅಂದರೆ ಶಾಲೆಗೆ ಶಾಶ್ವತ ಬೀಗ ಅಂತಲ್ಲ. ಇನ್ನೊಂದು ಮಾತು, ನಮ್ಮ ನಿಮ್ಮ ಮನೆಯಲ್ಲಿ ಕಾರಂತರಿಲ್ಲ!

ಇದಕ್ಕೆ ತಿರುಗುಮುರುಗಾದ ಕಥೆ ನಂಜನಗೂಡು ತಿರುಮಲಾಂಬ ಅವರದು. 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಎಳೆಯ ವಯಸ್ಸಿನಲ್ಲೇ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಗೆ ಶಾಲೆಯ ಬಾಗಿಲು ಎಲ್ಲಿತ್ತು? ಅಪ್ಪನೇ ಮನೆಯಲ್ಲಿ ಓದಿಸಿದರು. ಓದಿ, ಬರೆದು, 'ಸತೀ ಹಿತೈಷಿಣಿ' ಗ್ರಂಥಮಾಲೆ ನಡೆಸಿ, 'ಕರ್ನಾಟಕ ನಂದಿನಿ' ಪತ್ರಿಕೆ ಹೊರಡಿಸಿ ಕನ್ನಡದ ಮೊದಲ ಪತ್ರಕರ್ತೆ ಅನ್ನಿಸಿಕೊಂಡರು. ಅಷ್ಟಕ್ಕೇ ನಿಲ್ಲದೆ ತಮ್ಮ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠವನ್ನೂ ಹೇಳಿಕೊಟ್ಟರು. ಅವರು ಮನೆಯಲ್ಲಿ ಕಲಿತದ್ದು ಬೇರೆ ದಾರಿ ಇರಲಿಲ್ಲ ಅಂತ. ಇವತ್ತು ನಾವು ಮನೆಯಲ್ಲಿ ಕಲಿಸ್ತೀವಿ ಅನ್ನುವುದು ನೂರು ದಾರಿ ಇದೆ ಅಂತ. ಈ ವ್ಯತ್ಯಾಸ ಮರೆಯಬಾರದು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರೇ ಆದ ಎಚ್. ನರಸಿಂಹಯ್ಯನವರ ಕಥೆ ನಿಮಗೆ ಗೊತ್ತಿರಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದ. ಶಾಲೆ ಅನ್ನುವುದು ಕೆಲವರಿಗೆ ಅಷ್ಟು ದೂರ ನಡೆಯುವಷ್ಟು ಬೆಲೆಬಾಳುವ ವಸ್ತು. ನಾವು ಬೇಡ ಅನ್ನುವ ಮುಂಚೆ ಎರಡು ಸಲ ಯೋಚಿಸಬೇಕಾದದ್ದೇ.

ಕಾನೂನು ಏನನ್ನುತ್ತೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಪೊಲೀಸರು ಬರ್ತಾರಾ? ಇಲ್ಲ, ಗಾಬರಿ ಬೇಡ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತಲೂ ಹೇಳುತ್ತದೆ. ಆದರೆ ಕರ್ತವ್ಯ ತಪ್ಪಿದ ಅಪ್ಪ ಅಮ್ಮನಿಗೆ ಶಿಕ್ಷೆ ಇಂತಿಷ್ಟು ಅಂತ ಅದರಲ್ಲಿ ಬರೆದಿಲ್ಲ. ಹೋಮ್ ಸ್ಕೂಲಿಂಗ್ ಅನ್ನುವ ಪದವೇ ಕಾಯ್ದೆಯಲ್ಲಿಲ್ಲ. ತಡೆದೂ ಇಲ್ಲ, ಒಪ್ಪಿಯೂ ಇಲ್ಲ. ಒಂದೇ ಒಂದು ಕಡೆ ಮಾತ್ರ ಮನೆಯ ಕಲಿಕೆಗೆ ಸ್ಪಷ್ಟ ಜಾಗವಿದೆ. 2012ರ ತಿದ್ದುಪಡಿಯಂತೆ ಬಹುವಿಧದ ಅಥವಾ ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕಿದೆ.

ಹಾಗಾಗಿ ಶಾಲೆ ಬಿಡಿಸಿದರೆ ಆಗುವುದೇನೆಂದರೆ, ನಿಮ್ಮ ಮಗುವಿನ ಹೆಸರು 'ಶಾಲೆಯಿಂದ ಹೊರಗುಳಿದ ಮಕ್ಕಳ' ಪಟ್ಟಿಗೆ ಸೇರಬಹುದು. ಹಳ್ಳಿಯಲ್ಲಾದರೆ ಮೇಷ್ಟ್ರು ಮನೆ ಬಾಗಿಲಿಗೇ ಬಂದು, "ಯಾಕಮ್ಮಾ ಹುಡುಗನ್ನ ಕಳಿಸ್ತಿಲ್ಲ?" ಅಂತ ವಿಚಾರಿಸ್ತಾರೆ. ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಕೂರಿಸಿ, ಕಾಫಿ ಕೊಟ್ಟು, ಮಗು ಏನು ಕಲಿಯುತ್ತಿದೆ ಅಂತ ನೋಟ್‌ಬುಕ್ ತೋರಿಸಿ. ಅವರು ಬರುವುದು ಒಳ್ಳೆಯದಕ್ಕೇ. ಹೊಲದಲ್ಲಿ, ಗ್ಯಾರೇಜಿನಲ್ಲಿ ಕೂಲಿಗೆ ಸೇರುವ ಮಕ್ಕಳನ್ನು ಹುಡುಕುವುದೂ ಅವರ ಕೆಲಸವೇ ಅಲ್ವಾ?

ನೆಮ್ಮದಿಯ ವಿಷಯ ಒಂದಿದೆ. ಮನೆಯಲ್ಲಿ ಎರಡು ವರ್ಷ ಓದಿಸಿ, ಆಮೇಲೆ ಸಾಕು ಅನ್ನಿಸಿದರೆ ವಾಪಸ್ ಸೇರಿಸಬಹುದು. ಅದೇ ಕಾಯ್ದೆಯ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದಿನ ಪಾಠಗಳಿಗೆ ವಿಶೇಷ ತರಬೇತಿ ಕೊಡಬೇಕು. ದಾಖಲಾತಿಗೆ ಮಗುವಿಗೆ ಪರೀಕ್ಷೆ, ಅಪ್ಪ ಅಮ್ಮನಿಗೆ ಇಂಟರ್‌ವ್ಯೂ ಮಾಡುವಂತಿಲ್ಲ.

ಆ 19 ತಿಂಗಳು ನೆನಪಿದೆಯಾ?

ಕಾನೂನು ಬಿಡಿ. ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಇರುವುದು ಅಡುಗೆಮನೆಯಲ್ಲಿ. ಮನೆಯೇ ಶಾಲೆಯಾದರೆ ಟೀಚರ್ ಯಾರು? "ನಾವು ಮನೆಯಲ್ಲೇ ಓದಿಸ್ತೀವಿ" ಅಂತ ನೆಂಟರ ಮುಂದೆ ಹೆಮ್ಮೆಯಿಂದ ಹೇಳುವವರು ಅಪ್ಪ. ಆ 'ನಾವು' ಅನ್ನುವುದರಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಮಗುವಿನ ಪಕ್ಕ ಕೂರುವವರು ಎಷ್ಟು ಜನ ಇರ್ತಾರೆ? ಒಬ್ಬರೇ. ಅದು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದನ್ನು ಊಹೆ ಮಾಡಬೇಕಾಗಿಯೂ ಇಲ್ಲ, ನಾವೆಲ್ಲ ಮಾಡಿ ನೋಡಿದ್ದೇವೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಹತ್ತೊಂಬತ್ತು ತಿಂಗಳು! ಕುಕ್ಕರ್ ಕೂಗುವಾಗಲೇ ಆನ್‌ಲೈನ್ ಕ್ಲಾಸಿನ ಮೇಡಂ ಕೂಗುತ್ತಿದ್ದರು. ಸರ್ಕಾರಿ ಶಾಲೆಯ ಮೇಷ್ಟ್ರುಗಳು 'ವಿದ್ಯಾಗಮ' ಅಂತ ಗುಡಿಯ ಜಗಲಿ, ಅರಳಿಕಟ್ಟೆಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ದೂರದರ್ಶನದ ಚಂದನದಲ್ಲಿ ದೊಡ್ಡ ತರಗತಿಯವರಿಗೆ ಪಾಠ ಬರುತ್ತಿತ್ತು. ಆಗ ನಿಮಗೆ ಹೇಗನ್ನಿಸಿತ್ತು? ಮಗುವಿಗೆ ಕಲಿಸುವುದು ಖುಷಿ ಕೊಟ್ಟಿತಾ, ಅಥವಾ ದಿನಕ್ಕೆ ಮೂರು ಸಲ ಕೂಗಾಡಿ ಕೊನೆಗೆ ಇಬ್ಬರೂ ಅತ್ತಿದ್ದಿರಾ? ನಿಮ್ಮ ಉತ್ತರ ಅಲ್ಲೇ ಇದೆ. ಅದು ಕಷ್ಟಕಾಲ, ಮಗು ಹೊರಗೂ ಹೋಗುವಂತಿರಲಿಲ್ಲ, ನಿಜ. ಆದರೂ ಅಷ್ಟು ಒಳ್ಳೆಯ ರಿಹರ್ಸಲ್ ಯಾವ ತಾಯಿಗೂ ಮತ್ತೆ ಸಿಗುವುದಿಲ್ಲ.

ಓರಗಿತ್ತಿಗೂ ಇದನ್ನೇ ಕೇಳಿದೆ. ಅವಳ ದಿನ ಶುರುವಾಗುವುದು ಐದು ಗಂಟೆಗೆ, ಎರಡು ಹಸು ಹಾಲು ಕರೆದು ಡೈರಿಗೆ ಹಾಕುವುದರಿಂದ. ಆಮೇಲೆ ತಿಂಡಿ, ಅತ್ತೆಯ ಮಾತ್ರೆ, ರೇಷ್ಮೆ ಬೆಳೆ ಇದ್ದರೆ ಹುಳುವಿಗೆ ಸೊಪ್ಪು. ಇದರ ಮಧ್ಯೆ ನಾಲ್ಕು ಗಂಟೆ ಬೇಡ, ಎರಡು ಗಂಟೆಯಾದರೂ ಫೋನ್ ಮುಟ್ಟದೆ, ಒಲೆ ಕಡೆ ನೋಡದೆ ಅವನ ಜೊತೆ ಕೂರೋಕಾಗುತ್ತಾ? ಆ ಹೊತ್ತಿನಲ್ಲಿ ಹಸುವನ್ನು ಯಾರು ನೋಡ್ತಾರೆ? ಬಾವ ಒಪ್ಪಿಕೊಂಡಿದ್ದಾರಾ, ಬರೀ ತಲೆ ಆಡಿಸಿದ್ದಾರಾ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಲೆ ಆಡಿಸಿದ್ದಾರೆ ಅಕ್ಕಾ" ಅಂದಳು.

ಹಾಗಂತ ಅವಳ ಆಸೆಯನ್ನು ಕಿತ್ತುಹಾಕೋಕೆ ನನಗೆ ಮನಸ್ಸಿರಲಿಲ್ಲ. ಆ ಮನೆಯಲ್ಲಿ ಕಲಿಯುವುದಕ್ಕೆ ಎಷ್ಟಿದೆ ನೋಡಿ! ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಎದ್ದು, ತಿಂಗಳೊಳಗೆ ಗೂಡು ಕಟ್ಟುತ್ತದೆ. ಹುಳುವಿಗೆ ಜ್ವರ ಅಂದರೆ ಪೊರೆ ಬಿಡುವುದು ಅಂತ ಆ ಹುಡುಗನಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತು. ಡೈರಿ ಚೀಟಿಯಲ್ಲಿ ಫ್ಯಾಟು, ಲೀಟರು, ರೂಪಾಯಿ ಇರುತ್ತದೆ. ಗುಣಾಕಾರ ಕಲಿಸೋಕೆ ಅದಕ್ಕಿಂತ ಬೇಕಾ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಒಂದು ಸಲ ಹೋಗಿ ಬಂದರೆ ಹರಾಜು, ತೂಕ, ಲಾಭ ನಷ್ಟ ಎಲ್ಲ ಒಂದೇ ದಿನದ ಪಾಠ. ಜೊತೆಗೆ ಅಮ್ಮನಾದವಳು ತೆಲುಗಿನಲ್ಲಿ ಬಿಡಿಸಿ ಹೇಳಿ, ಕನ್ನಡದಲ್ಲಿ ಬರೆಸಿ, ಇಂಗ್ಲಿಷಿನಲ್ಲಿ ಹೆಸರು ಹೇಳಿಕೊಡಬಹುದು. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಆಗದ ಕೆಲಸ ಇದು.

ನಡುವಿನ ದಾರಿಯೊಂದಿದೆ

ಆಗ ನನಗೆ ಹೊಳೆದದ್ದು ಊರಿನ ಶಾಲೆ. ಮೂಗು ಮುರಿಯಬೇಡಿ, ಸ್ವಲ್ಪ ಕೇಳಿ. ಚಿಂತಾಮಣಿಯಿಂದ ಗಡಿ ದಾಟಿ ಆಂಧ್ರಕ್ಕೆ ಹೋದರೆ ಮದನಪಲ್ಲಿ. ಅಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಋಷಿ ವ್ಯಾಲಿ ಶಾಲೆ ಇದೆ, ಶ್ರೀಮಂತರೂ ಸಾಲಿನಲ್ಲಿ ನಿಲ್ಲುವ ಶಾಲೆ. ಆ ಸಂಸ್ಥೆ ಸುತ್ತಲ ಹಳ್ಳಿ ಮಕ್ಕಳಿಗಾಗಿ ಒಂದು ಕ್ರಮ ರೂಪಿಸಿತ್ತು. ಪಠ್ಯಪುಸ್ತಕದ ಬದಲು ಕಾರ್ಡುಗಳು, ಏಣಿಯ ಮೆಟ್ಟಿಲಿನಂತೆ ಒಂದೊಂದೇ ಹಂತ, ಪ್ರತಿ ಮಗು ತನ್ನ ವೇಗದಲ್ಲಿ ಹತ್ತುವುದು. ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆ ಮೇಷ್ಟ್ರುಗಳು ಅಲ್ಲಿಗೆ ಹೋಗಿ ನೋಡಿ ಬಂದು 1995ರಲ್ಲಿ ತಮ್ಮಲ್ಲಿ ಶುರು ಮಾಡಿದರು. ಅದೇ 'ನಲಿ-ಕಲಿ'. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಗು ತನ್ನ ವೇಗದಲ್ಲಿ ಕಲಿಯಲಿ, ಹಾಡುತ್ತಾ ಆಡುತ್ತಾ ಕಲಿಯಲಿ ಅಂತ ತಾನೇ ನಾವು ಹೋಮ್ ಸ್ಕೂಲಿಂಗ್ ಬೇಕು ಅನ್ನುವುದು? ಆ ಯೋಚನೆ ನಮ್ಮ ಪಕ್ಕದ ಬೀದಿಯ ಶಾಲೆಯ ಗೋಡೆ ಮೇಲೆ ಬಣ್ಣ ಬಣ್ಣದ ಚಾರ್ಟಾಗಿ ನೇತಾಡುತ್ತಿದೆ!

ಎಲ್ಲ ಶಾಲೆಯಲ್ಲೂ ಅದು ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳಲಾರೆ. ಒಬ್ಬರೇ ಟೀಚರು ಮೂರು ತರಗತಿ ನೋಡುವ ಕಡೆ ಕಾರ್ಡುಗಳು ಬೀರುವಿನಲ್ಲೇ ಉಳಿಯುವುದೂ ಉಂಟು. ಅದಕ್ಕೇ ಹೋಗಿ ಕಣ್ಣಾರೆ ನೋಡಬೇಕು. ಓರಗಿತ್ತಿ ಹೋಗಿ ನೋಡಿದಳು, ಎರಡು ಸಲ. ಟೀಚರ್ ಮಕ್ಕಳ ಹೆಸರು ಹಿಡಿದು ಮಾತಾಡಿಸ್ತಾರಾ, ಹುಡುಗರು ಎದ್ದು ಪ್ರಶ್ನೆ ಕೇಳ್ತಾರಾ, ಶೌಚಾಲಯದಲ್ಲಿ ನೀರಿದೆಯಾ, ಇಷ್ಟನ್ನು ಗಮನಿಸಿ ಬಂದಳು. ಕಳೆದ ಜೂನ್‌ನಿಂದ ಅವನು ಅಲ್ಲಿಗೇ ಹೋಗುತ್ತಿದ್ದಾನೆ. ನಡೆದರೆ ಐದು ನಿಮಿಷ. ವ್ಯಾನಿನ 333 ಗಂಟೆ ಮನೆಗೆ ವಾಪಸ್ ಬಂತು. ಟ್ಯೂಷನ್ ಬಿಡಿಸಿ, ಸಂಜೆ ಒಂದೂವರೆ ಗಂಟೆ ಇಂಗ್ಲಿಷ್ ಮತ್ತು ಲೆಕ್ಕ ಅವಳೇ ಹೇಳಿಕೊಡ್ತಾಳೆ. ಆ ಹೊತ್ತಿಗೆ ಹಸು ಬಾವನ ಪಾಲು. ಇದು ಕರಾರು!

ಸುಲಭವಾಗಿ ಆಯಿತು ಅಂದುಕೊಳ್ಳಬೇಡಿ. "ವ್ಯಾನಿಗೆ ಕೊಡೋಕೆ ದುಡ್ಡಿಲ್ಲವೇನೋ ಪಾಪ" ಅಂತ ಎದುರುಮನೆಯವರು ಅಂದದ್ದು ಅವಳ ಕಿವಿಗೂ ಬಿತ್ತು. ಇಂಗ್ಲಿಷಿನ ಚಿಂತೆಯೂ ಪೂರ್ತಿ ಹೋಗಿಲ್ಲ. ಯಾವ ಮಾಧ್ಯಮ ಅನ್ನುವುದು ತಂದೆತಾಯಿಯ ಆಯ್ಕೆ ಅಂತ 2014ರ ಮೇ 6ರಂದು ಸುಪ್ರೀಂ ಕೋರ್ಟೇ ಹೇಳಿದೆ. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಐದನೇ ತರಗತಿಗೆ ಮತ್ತೆ ಯೋಚಿಸೋಣ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ.

ಹಾಗಾದರೆ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವುದು ಯಾರಿಗೂ ಬೇಡವೇ? ಹಾಗಲ್ಲ. ಪದೇ ಪದೇ ಕಾಯಿಲೆ ಬೀಳುವ ಮಗು, ಓದು ಬರಹ ಕಷ್ಟವಾಗುವ ಡಿಸ್‌ಲೆಕ್ಸಿಯಾ ಇರುವ ಮಗು, ಶಾಲೆಯಲ್ಲಿ ಹೆದರಿ ಮಾತೇ ನಿಲ್ಲಿಸಿದ ಮಗು, ದಿನಕ್ಕೆ ಆರು ಗಂಟೆ ಈಜುವ ಅಥವಾ ಸಂಗೀತ ಕಲಿಯುವ ಮಗು, ಇಂಥವರಿಗೆ ಮನೆಯೇ ಮದ್ದಾಗಬಹುದು. ಅಲ್ಲಿಯೂ ಮಗುವಿಗೆ ವಾರದಲ್ಲಿ ಕೆಲವು ದಿನವಾದರೂ ಓರಗೆಯ ಮಕ್ಕಳ ಜೊತೆ ಜಗಳ, ರಾಜಿ, ಕುಂಟೆಬಿಲ್ಲೆ ಎಲ್ಲ ಬೇಕು. ಇನ್ನು ಎರಡನೇ ಸಂಬಳ ಬಿಟ್ಟು ಮನೆಯಲ್ಲಿ ಕೂರುವ ತಾಯಂದಿರೇ, ನಿಮ್ಮ ಹೆಸರಿನಲ್ಲಿ ತಿಂಗಳಿಗೊಂದಿಷ್ಟು ಹಣ ಬ್ಯಾಂಕಿಗೆ ಹೋಗಲಿ. ಫೀಸು ಉಳಿಯಿತಲ್ಲ, ಅದರಲ್ಲೇ ಹಾಕಿಸಿ! ಟೀಚರಿಗೆ ಸಂಬಳ ಬೇಡವೇ?

ಒಂದು ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಬಗ್ಗೆ ಯಾರಾದರೂ "ಮನೆಯಲ್ಲೇ ಓದಿಸ್ತೀವಿ" ಅಂದರೆ ಎರಡನೇ ಪ್ರಶ್ನೆ ಕೇಳಿ. ನಿಮ್ಮ ಮನೆಗೆಲಸದವಳ ಮಗಳಿರಬಹುದು, ಊರಿನ ನೆಂಟರ ಮಗಳಿರಬಹುದು. ಹೈಸ್ಕೂಲು ದೂರ, ಕಾಲ ಸರಿಯಿಲ್ಲ, ತಮ್ಮನನ್ನು ನೋಡಿಕೊಳ್ಳೋಕೆ ಜನ ಬೇಕು, ಇವೆಲ್ಲಕ್ಕೂ ಈಗ ಹೋಮ್ ಸ್ಕೂಲಿಂಗ್ ಅನ್ನುವ ಚೆಂದದ ಹೆಸರು ಸಿಕ್ಕಿಬಿಟ್ಟರೆ ಕಷ್ಟ. ಯಾವ ಪುಸ್ತಕ, ಯಾರು ಹೇಳಿಕೊಡ್ತಾರೆ, ಯಾವ ಪರೀಕ್ಷೆಗೆ ಕಟ್ಟಿಸ್ತೀರಿ ಅಂತ ಕೇಳಿ. ಉತ್ತರ ಬರದಿದ್ದರೆ ಅದು ಓದಿಸುವುದಲ್ಲ, ಮದುವೆಯ ತನಕ ಕೂರಿಸುವುದು. ಅವಳಿಗೆ ಶಾಲೆ ಅಂದರೆ ಪಾಠದ ಜೊತೆಗೆ ಮಧ್ಯಾಹ್ನದ ಬಿಸಿಯೂಟ, ಗೆಳತಿಯರು, ಬಾರದಿದ್ದರೆ ಯಾಕೆ ಬಂದಿಲ್ಲ ಅಂತ ಕೇಳುವ ಒಬ್ಬ ಟೀಚರು.

ಪರೀಕ್ಷೆಯ ವಿಷಯಕ್ಕೆ ಬರೋಣ, ಏಕೆಂದರೆ ಎಷ್ಟೇ ಸ್ವತಂತ್ರವಾಗಿ ಕಲಿತರೂ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಇಲ್ಲದೆ ನಮ್ಮಲ್ಲಿ ಮುಂದಿನ ಬಾಗಿಲು ತೆರೆಯುವುದಿಲ್ಲ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್ ಅಂತ ಕರೆಯುತ್ತಾರಲ್ಲ, ಅದರಲ್ಲಿ 14 ತುಂಬಿದ ಮಗು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಐದು ವಿಷಯ ಸಾಕು, ಬೇಕಾದ್ದನ್ನು ಆರಿಸಿಕೊಳ್ಳಬಹುದು. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಕಟ್ಟಿ ಪಾಸು ಮಾಡಿಕೊಂಡು ಬಂದರೂ ನಡೆಯುತ್ತದೆ. ಮುಕ್ತ ಶಾಲೆಯವರಿಗೆ ನೀಟ್ ಬರೆಯಲು ಹಿಂದೊಮ್ಮೆ ಇದ್ದ ತಡೆಯೂ ಈಗ ಇಲ್ಲ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಯಾವ ವಿಷಯ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಅಂತ ಅಲ್ಲಿ ಕೇಳಿಕೊಂಡೇ ಅರ್ಜಿ ತುಂಬಿ. ಅದು ಬೇಡವಾದರೆ ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಅದಕ್ಕೆ 15 ತುಂಬಿರಬೇಕು.

ಶಾಲೆ ಬಿಡಿಸುವ ದಿನ ಟಿ.ಸಿ. ಕೇಳಿ ಪಡೆದುಕೊಳ್ಳಿ. ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಟಿ.ಸಿ.ಯಲ್ಲೂ ಒಂದೇ ಥರ ಇದೆಯಾ ಅಂತ ಅಲ್ಲೇ ಕಚೇರಿಯಲ್ಲಿ ನಿಂತು ಓದಿ ನೋಡಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿ. ಏಳು ವರ್ಷ ಕಳೆದ ಮೇಲೆ ಪರೀಕ್ಷೆಗೆ ಕಟ್ಟಿಸುವಾಗ ತಿದ್ದಿಸೋಕೆ ಹೊರಟರೆ ಆ ಕ್ಲಾರ್ಕೂ ಅಲ್ಲಿರುವುದಿಲ್ಲ, ಕೆಲವೊಮ್ಮೆ ಆ ಶಾಲೆಯೇ ಇರುವುದಿಲ್ಲ.